ಹೂ ನೋಡಿ ತಂದ ಗಂಡು ಹಾಲಿ

ನ್ಯೂ ಜೆರ್ಸಿಯ ನಮ್ಮ ಹಿತ್ತಿಲಿನ ಎರಡು ಅಮೆರಿಕನ್ ಹಾಲಿ ಮರಗಳನ್ನು ನಾನು 2012ರ ಸೆಪ್ಟೆಂಬರಿನಲ್ಲಿ ಸೊಂಟದೆತ್ತರದ ಸಸಿಗಳಾಗಿ ತಂದು ನೆಟ್ಟೆ. ಮ್ಯಾಸಚೂಸೆಟ್ಸ್‌ನಿಂದ ಫ್ಲಾರಿಡಾದವರೆಗೆ ಕಾಡಿನಲ್ಲಿ ತಾನಾಗಿ ಬೆಳೆಯುವ, ನೆರೆಯ ಡೆಲವೇರ್ 1939ರಲ್ಲಿ ತನ್ನ ರಾಜ್ಯವೃಕ್ಷವಾಗಿ ಆರಿಸಿಕೊಂಡ ಈ ಮರ ಹಿಮ ಬಿದ್ದಾಗಲೂ ಹಸಿರಾಗಿಯೇ ಇರುತ್ತದೆ.

ಎರಡನೆಯ ವರ್ಷ ಎಳೆಯ ಎಲೆಗಳು, ನರಗಳಷ್ಟೇ ಹಸಿರಾಗಿ ಉಳಿದು, ಹಳದಿಗೆ ತಿರುಗಿದವು. ಹುಲ್ಲುಹಾಸಿಗೆಂದು ಮನೆಯ ಹಿಂದಿನ ಮಾಲೀಕರು ವರ್ಷವರ್ಷವೂ ಸುಣ್ಣ ಎರಚಿದ್ದರಿಂದ ಮಣ್ಣಿನ ಪಿಎಚ್ 7ನ್ನು ದಾಟಿತ್ತು. ಹುಳಿಮಣ್ಣನ್ನು ಬಯಸುವ ಹಾಲಿಗೆ ಅಲ್ಲಿ ಕಬ್ಬಿಣದ ಅಂಶ ದಕ್ಕುತ್ತಿರಲಿಲ್ಲ. ಗಂಧಕದ ಪುಡಿಯನ್ನು ಎರಡು ವರ್ಷ ಸ್ವಲ್ಪಸ್ವಲ್ಪವಾಗಿ ಕೊಟ್ಟು, ಕಾಂಡಕ್ಕೆ ತಾಗದಂತೆ ಪೈನ್ ಮರದ ದರಕು ಹಾಸಿದ ಮೇಲೆ ಚಿಗುರು ಕಡುಹಸಿರಾಯಿತು.

ಆದರೆ ಹಣ್ಣು ಬರಲಿಲ್ಲ. ಹಾಲಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಶಿರಸಿಯ ನಮ್ಮ ಅಡಿಕೆ ತೋಟದಲ್ಲಿ ಬೀಜದಿಂದ ಎಬ್ಬಿಸಿದ ಜಾಯಿಕಾಯಿ ಗಿಡಗಳನ್ನು ಏಳೆಂಟು ವರ್ಷ ಸಾಕಿ, ಹೂ ಬಿಟ್ಟಾಗ ಅರ್ಧದಷ್ಟು ಗಂಡೆಂದು ತಿಳಿದು ಅಪ್ಪ ಕಡಿಸಿದ್ದನ್ನು ಕಣ್ಣಾರೆ ಕಂಡಿದ್ದ ನಾನು, ಇಲ್ಲಿ 'ಒಂದು ಗಂಡು, ಒಂದು ಹೆಣ್ಣು' ಎಂದ ನರ್ಸರಿಯವರ ಮಾತನ್ನು ಹಾಗೆಯೇ ನಂಬಿದ್ದೆ! 2017ರ ಮೇ ಕೊನೆಯಲ್ಲಿ ಮೊದಲ ಹೂ ಅರಳಿದಾಗ ಭೂತಗನ್ನಡಿ ಹಿಡಿದು ನೋಡಿದೆ. ನಾಲ್ಕು ಬಿಳಿಯ ಎಸಳುಗಳ ನಡುವೆ ಸಾಸಿವೆಯಂತಹ ಹಸಿರು ಗುಂಡು, ಅದರ ಸುತ್ತ ಪರಾಗವಿಲ್ಲದ ಸೊರಗಿದ ಕೇಸರಗಳು. ಎರಡು ಮರಗಳಲ್ಲಿಯೂ ಅದೇ, ಎರಡೂ ಹೆಣ್ಣು.

ಮರುವರ್ಷ ಹೂ ಬಿಡುವ ಕಾಲದಲ್ಲಿಯೇ ಬೇರೊಂದು ನರ್ಸರಿಗೆ ಹೋಗಿ, ಗೊಂಚಲಾಗಿ ಅರಳಿ ಕೇಸರಗಳಲ್ಲಿ ಹಳದಿ ಪರಾಗ ಮೆತ್ತಿಕೊಂಡಿದ್ದ ಗಿಡವನ್ನು ಆರಿಸಿ ತಂದು, ಮೂವತ್ತು ಅಡಿ ದೂರದಲ್ಲಿ ನೆಟ್ಟೆ. ಬೇಸಿಗೆ ಪೂರ್ತಿ ಅದಕ್ಕೆ ವಾರಕ್ಕೆರಡು ಸಲ ನೀರು ಹನಿಸಬೇಕಾಯಿತು. ಉಳಿದ ಕೆಲಸವನ್ನು ಜೇನ್ನೊಣಗಳು ನೋಡಿಕೊಂಡವು. ಆ ಡಿಸೆಂಬರಿನಲ್ಲಿ ಬಟಾಣಿಗಿಂತ ತುಸು ಚಿಕ್ಕದಾದ ಕೆಂಪು ಹಣ್ಣುಗಳು ಕೊಂಬೆಗಳ ತುಂಬ ಕಾಣಿಸಿಕೊಂಡವು. ಅವು ಮನುಷ್ಯರಿಗೆ ವಿಷವಾದ್ದರಿಂದ ಮಕ್ಕಳನ್ನು ದೂರವಿಡುತ್ತೇವೆ.

ಎಲೆ ಉದುರುವುದು ವಸಂತದಲ್ಲಿ, ಹೊಸ ಚಿಗುರಿನ ಜೊತೆಗೆ. ಮೊದಲ ಸಲ ಮರ ಸತ್ತೇಹೋಯಿತೆಂದು ಹೆದರಿದ್ದೆ. ಒಣಗಿದ ಮೇಲೂ ಎಲೆಯಂಚಿನ ಮುಳ್ಳು ಮೊಂಡಾಗುವುದಿಲ್ಲ, ಆದ್ದರಿಂದ ಚರ್ಮದ ಕೈಗವಸು ಇಲ್ಲದೆ ಬುಡದ ಕಳೆಗೆ ಕೈ ಹಾಕುವುದಿಲ್ಲ. ಸವರುವ ಕೆಲಸವನ್ನು ಪ್ರತ್ಯೇಕವಾಗಿ ಮಾಡುವುದೂ ಇಲ್ಲ. ಕ್ರಿಸ್‌ಮಸ್ ಅಲಂಕಾರಕ್ಕೆಂದು ಕೊಂಬೆ ಕೇಳಿಕೊಂಡು ಬರುವ ನೆರೆಯವರಿಗೆ ಅಡ್ಡಾದಿಡ್ಡಿ ಬೆಳೆದದ್ದನ್ನೇ ಕತ್ತರಿಸಿ ಕೊಡುತ್ತೇನೆ. ಉಳಿದ ಹಣ್ಣನ್ನು ಫೆಬ್ರವರಿಯಲ್ಲಿ ರಾಬಿನ್ ಹಕ್ಕಿಗಳ ಹಿಂಡು ಒಂದೇ ಮಧ್ಯಾಹ್ನದಲ್ಲಿ ಬರಿದು ಮಾಡುತ್ತದೆ.