ಹಳೇ ಇಂಕ್ ಪೆನ್ನು ಬಿಚ್ಚುವ ಮೊದಲು

ಹಳೇ ಇಂಕ್ ಪೆನ್ನು ಸಿಕ್ಕಿದ ಕೂಡಲೇ ಬಹಳ ಜನ ಅದನ್ನು ಬಿಸಿನೀರಿಗೆ ಹಾಕಿ ನೆನೆಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪೆನ್ನು ಎಬೊನೈಟ್‌ನದಾದರೆ, ಅಂದರೆ ಗಟ್ಟಿ ರಬ್ಬರಿನದಾದರೆ, ಕಪ್ಪು ಹೋಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಮೊದಲು ನೋಡಬೇಕಾದ್ದು ಆ ಪೆನ್ನು ಇಂಕನ್ನು ಹೇಗೆ ತುಂಬಿಕೊಳ್ಳುತ್ತದೆ ಅನ್ನೋದನ್ನು. ಅದು ಗೊತ್ತಾದರೆ ಎಲ್ಲಿಂದ ಬಿಚ್ಚಬೇಕು, ಎಲ್ಲಿ ಕೈ ಹಾಕಬಾರದು ಅನ್ನೋದೂ ಗೊತ್ತಾಗುತ್ತದೆ.

ದಾವಣಗೆರೆಯಲ್ಲಿ ನನ್ನ ಹತ್ತಿರ ಬರುವ ಪೆನ್ನುಗಳು ಹೆಚ್ಚಾಗಿ ಹಳೇ ಮನೆಗಳ ಟ್ರಂಕಿನವು. ಮಂಡಿಗಳಲ್ಲಿ ಕಿರ್ದಿ ಬರೆದ ಗುಮಾಸ್ತರವು, ವಕೀಲರವು, ಮೇಷ್ಟ್ರುಗಳವು. ಅದರಲ್ಲಿ ನಮ್ಮ ದೇಶದ ಎಬೊನೈಟ್ ಪೆನ್ನುಗಳೇ ಜಾಸ್ತಿ. ಅವುಗಳ ಒಳಗೆ ಏನೂ ಇರುವುದಿಲ್ಲ. ಫಿಲ್ಲರ್‌ನಿಂದ ನೇರ ಕೊಳವೆಗೇ ಇಂಕು ಬಿಡೋದು. ತಣ್ಣೀರಲ್ಲಿ ಬೇಗ ತೊಳೆದು, ಒರೆಸಿ, ಥ್ರೆಡ್‌ಗೆ ಚೂರು ಸಿಲಿಕೋನ್ ಗ್ರೀಸ್ ಸವರಿದರೆ ಮುಗಿಯಿತು.

ಪರದೇಶದ ಪೆನ್ನುಗಳಲ್ಲಿ ಕಣ್ಣಿಟ್ಟು ನೋಡಬೇಕು. ಹಿಂದಿನ ತುದಿ ತಿರುಗಿಸಿದಾಗ ಒಳಗಿನ ಬಿರಡೆ ಮೇಲೆ ಕೆಳಗೆ ಓಡಾಡಿದರೆ ಅದು ಪಿಸ್ಟನ್. ಪೆಲಿಕಾನ್ 1929ರಲ್ಲಿ ತಂದ ಪೆನ್ನು ಇದೇ ಜಾತಿಯದು. ಪಾರ್ಕರ್ 51 ಮಾತ್ರ ಎಲ್ಲರನ್ನೂ ಗೊಂದಲಕ್ಕೆ ಬೀಳಿಸುತ್ತದೆ, ಯಾಕಂದರೆ ಅದರಲ್ಲಿ ಇಂಕು ತುಂಬುವ ಬಗೆ ಬೇರೆ ಬೇರೆ ಇದ್ದರೂ ಹೊರಗಿನಿಂದ ಎಲ್ಲವೂ ಒಂದೇ ಥರ. ಕೊಳವೆಯ ಹಿಂದಿನ ತುದಿಯ ಹತ್ತಿರ ಉಗುರು ಆಡಿಸಿ ನೋಡಿ. ಅಲ್ಲೊಂದು ಸಣ್ಣ ಗೀಟು ಸಿಕ್ಕರೆ ಅದು ತೆಗೆಯುವ ಮುಚ್ಚಳ. ಅದರ ಕೆಳಗೆ ಒತ್ತುವ ಗುಂಡಿ, ಒಳಗೆ ರಬ್ಬರ್ ಪೊರೆ. ಇದು ವ್ಯಾಕ್ಯುಮ್ಯಾಟಿಕ್. ಗೀಟು ಇಲ್ಲದಿದ್ದರೆ 1948ರಿಂದ ಬಂದ ಏರೋಮೆಟ್ರಿಕ್. ಅದರಲ್ಲಿ ಲೋಹದ ಕವಚದೊಳಗೆ ಪ್ಲಾಸ್ಟಿಕ್ ಚೀಲ ಇರುತ್ತದೆ. ಅದು ಇವತ್ತಿಗೂ ಚೆನ್ನಾಗಿಯೇ ಇರುವುದು ಹೆಚ್ಚು. ಸುಮ್ನೆ ತೊಳೆಯಿರಿ, ಚೀಲ ಬದಲಿಸಲು ಹೋಗಬೇಡಿ.

ನನಗೆ ತುಂಬಾ ಇಷ್ಟ ಲಿವರ್ ಪೆನ್ನು. ಲಿವರ್ ಎತ್ತಿದರೆ ಒಳಗಿನ ಪಟ್ಟಿ ರಬ್ಬರ್ ಚೀಲವನ್ನು ಒತ್ತುತ್ತದೆ, ಬಿಟ್ಟರೆ ಚೀಲ ಇಂಕು ಎಳೆದುಕೊಳ್ಳುತ್ತದೆ. ಇತ್ತೀಚೆಗೆ ನಮ್ಮ ಬೀದಿಯ ಹಿರಿಯರೊಬ್ಬರು ತಮ್ಮ ತಂದೆಯ ಶೇಫರ್ ಪೆನ್ನು ತಂದುಕೊಟ್ಟರು. ಪಕ್ಕದಲ್ಲಿ ಲೋಹದ ಲಿವರ್, ಅದು ಅರ್ಧ ಎದ್ದು ಅಲ್ಲೇ ನಿಲ್ಲುತ್ತಿತ್ತು. "ಜೋರಾಗಿ ಎತ್ತಿದ್ರೆ ಬರಲ್ವೇನ್ರೀ?" ಅಂತ ಕೇಳಿದರು. ಬರುತ್ತದೆ, ಆದರೆ ಕೊಳವೆಯೂ ಸೀಳಬಹುದು. ಲಿವರ್ ಹೀಗೆ ತಡೆದರೆ ಒಳಗಿನ ರಬ್ಬರ್ ಚೀಲ ಗಟ್ಟಿಯಾಗಿದೆ ಅಂತಲೇ ತಿಳಿಯಬೇಕು. ಯಾವ ತಡೆಯೂ ಇಲ್ಲದೆ ಲಡಲಡ ಆಡಿದರೆ ಚೀಲ ಪುಡಿಯಾಗಿದೆ, ಇಲ್ಲವೇ ಅದನ್ನು ಒತ್ತುವ ಪಟ್ಟಿ ಮುರಿದಿದೆ.

ನಿಬ್ಬು ಕೂತಿರುವ ಹಿಡಿ ಕೊಳವೆಯೊಳಗೆ ಬಿಗಿಯಾಗಿ ತುರುಕಿರುತ್ತದೆ. ಬಿಡಿಸಲು ಹದವಾದ ಬಿಸಿ ಬೇಕು. ಈ ಕೊಳವೆ ಸೆಲ್ಯುಲಾಯ್ಡ್, ಬೆಂಕಿ ಸೋಕಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಮೇಣದಬತ್ತಿ, ಲೈಟರ್ ಹತ್ತಿರವೂ ಬೇಡ. ನಾನು ಕೂದಲು ಒಣಗಿಸುವ ಡ್ರೈಯರ್ ಬಳಸುತ್ತೇನೆ, ದೂರ ಹಿಡಿದು, ಪೆನ್ನು ತಿರುಗಿಸುತ್ತಾ. ನನ್ನ ಬೆರಳಿಗೆ ತಡೆಯದಷ್ಟು ಬಿಸಿ ಪೆನ್ನಿಗೂ ಜಾಸ್ತಿಯೇ. ಸೈಕಲ್ ಟ್ಯೂಬಿನ ತುಂಡು ಸುತ್ತಿ ಹಿಡಿದರೆ ಕೈ ಜಾರುವುದಿಲ್ಲ. ಬಿಸಿ ಮಾಡು, ಒಂದು ಎಳೆಯಷ್ಟು ತಿರುಗಿಸು, ಬಾರದಿದ್ದರೆ ಮತ್ತೆ ಬಿಸಿ ಮಾಡು. ಇಡೀ ಕೆಲಸದಲ್ಲಿ ತಾಳ್ಮೆ ಬೇಕಾದ್ದು ಇಲ್ಲೇ.

ಹಿಡಿ ಬಂದಾಗ ಹಳೇ ಚೀಲ ಕಪ್ಪು ಚಕ್ಕೆಯಾಗಿ ಉದುರಿತು. ಹಿಡಿಯ ಹಿಂದಿನ ಮೂತಿಗೆ ಅಂಟಿದ್ದ ಚೂರುಗಳನ್ನು ಮೊಂಡು ಬ್ಲೇಡಿನಿಂದ ಕೆರೆದೆ. ಕೊಳವೆಯ ಒಳಗಿನದನ್ನು ಬಿದಿರು ಕಡ್ಡಿಯಿಂದ ಬಿಡಿಸಿದೆ. ಲೋಹದ ಪಟ್ಟಿಯ ತುಕ್ಕು ಉಜ್ಜಿದರೆ ಹೋಯಿತು. ನಿಬ್ಬು ತೊಳೆಯಲು ಫಿಲ್ಟರ್ ನೀರೇ ಬೇಕು, ಬೋರ್ ನೀರು ಬಿಳಿ ಕಲೆ ಬಿಡುತ್ತದೆ.

ಹೊಸ ಲ್ಯಾಟೆಕ್ಸ್ ಚೀಲದ ನಂಬರು ಅಂದರೆ ಅದರ ದಪ್ಪ, ಇಂಚಿನ 64ನೇ ಭಾಗದ ಲೆಕ್ಕದಲ್ಲಿ. 16ನೇ ನಂಬರು ಕಾಲು ಇಂಚು. ಕೊಳವೆಯೊಳಗೆ ಉಜ್ಜದೆ ಹೋಗುವಷ್ಟು ದೊಡ್ಡದನ್ನು ಆರಿಸಿ, ತುದಿ ಕೊಳವೆಯ ತಳಕ್ಕೆ ತಾಗದಂತೆ ಅಳೆದು ಕತ್ತರಿಸಬೇಕು. ಅಂಟಿಸಲು ಬಡಗಿಗಳು ಪಾಲಿಶ್‌ಗೆ ಬಳಸುವ ಅರಗು, ಸ್ಪಿರಿಟ್‌ನಲ್ಲಿ ಗಟ್ಟಿಯಾಗಿ ಕರಗಿಸಿದ್ದು. ಸೂಪರ್ ಗ್ಲೂ ಹಾಕಿದವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಈ ಚೀಲವೂ ಒಂದು ದಿನ ಹಾಳಾಗುತ್ತದೆ, ಆಗ ಇನ್ಯಾರೋ ಬಿಚ್ಚಬೇಕಲ್ವಾ? ಅರಗಾದರೆ ಬಿಸಿಗೆ ಬಿಟ್ಟುಕೊಡುತ್ತದೆ.

ರಾತ್ರಿಯೆಲ್ಲ ಒಣಗಲು ಬಿಟ್ಟು, ಚೀಲಕ್ಕೆ ವಾಸನೆಯಿಲ್ಲದ ಟಾಲ್ಕ್ ಸವರಿ, ಹಿಡಿಯನ್ನು ಅಂಟಿಲ್ಲದೆ ಕೂರಿಸಿದೆ. ಕೇರಂ ಪುಡಿ ಬಳಸಬೇಡಿ, ಅದು ಸಾಮಾನ್ಯವಾಗಿ ಬೋರಿಕ್. ನೀರಲ್ಲಿ ನಿಬ್ಬು ಅದ್ದಿ ಲಿವರ್ ಎತ್ತಿದಾಗ ಗುಳ್ಳೆಗಳು ಬುಳುಬುಳು ಬಂದವು. ಲಿವರ್ ಬಿಟ್ಟಾಗ ಚೀಲ ನೀರು ಎಳೆದುಕೊಂಡಿತು. ಆ ಹಿರಿಯರಿಗೆ ಹೇಳಿದ್ದು ಇಷ್ಟೇ: ಮಾಮೂಲಿ ಇಂಕ್ ಹಾಕಿ, ಡ್ರಾಯಿಂಗ್‌ನ ಇಂಡಿಯನ್ ಇಂಕ್ ಬೇಡ. ಬರೆಯದೆ ಬಿಡುವುದಾದರೆ ತೊಳೆದು ಇಡಿ.

ಈಗ ಮೇಜಿನ ಮೇಲೆ ಗೀಟು ಇರುವ ಪಾರ್ಕರ್ 51 ಇದೆ. ಅದರ ಗುಂಡಿಯ ಬುಡದ ಬಳೆ ಬಿಚ್ಚಲು ಬೇರೆಯೇ ಒಂದು ಸಾಧನ ಬೇಕು, ಇಕ್ಕಳ ಹಾಕಿದರೆ ಥ್ರೆಡ್ ಹಾಳಾಗುತ್ತದೆ. ಆ ಸಾಧನ ಬರೋವರೆಗೂ ಪೆನ್ನನ್ನು ಹಾಗೇ ಇಟ್ಟಿದ್ದೇನೆ.