ಬುಗುರಿ ಆಪರೇಷನ್ ಇಲ್ಲದೆ ಎದ್ದು ನಡೆದಳು

ನಮ್ಮ ನಾಯಿ ಬುಗುರಿ, ಉದ್ದ ಬೆನ್ನಿನ ಗಿಡ್ಡ ಕಾಲಿನ ಮಿನಿ ಡ್ಯಾಶ್‌ಹಂಡ್, ಈಗ ನಾಲ್ಕೂ ಕಾಲಿನ ಮೇಲೆ ನಡೆಯುತ್ತಾಳೆ. ಧಾರವಾಡದ ಸಾಧನಕೇರಿಯಲ್ಲಿ ಬೆಳಗಿನ ವಾಕಿಂಗಿಗೆ ಬರುವವರು ನೋಡಿರುತ್ತೀರಿ. ಹಿಂಗಾಲು ಎರಡೂ ಬಿದ್ದುಹೋದಾಗ "ಯವ್ವಾ, ಸೂಜಿ ಹಾಕಿಸಿ ಕಳಿಸಿಬಿಡು, ಪಾಪ ಅದಕ್ಯಾಕ ತ್ರಾಸು" ಎಂದವರು ಒಬ್ಬಿಬ್ಬರಲ್ಲ. ಮನೆಯಲ್ಲಿ ಮಾವನವರದು ಮೊದಲಿನಿಂದಲೂ ಒಂದೇ ಮಾತು: ಮುಧೋಳ ನಾಯಿ ಇಷ್ಟು ಹತ್ತಿರ ಸಿಗುವಾಗ ಈ ಗೇಣು ಕಾಲಿನದನ್ನು ಯಾಕೆ ತಂದಿರಿ. ಆಪರೇಷನ್ ಇಲ್ಲದೆ ಏಳಿಸುತ್ತೇನೆ ಎಂದು ಹಟ ಹಿಡಿದೆ, ಏಳಿಸಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮಿನಿ ಡ್ಯಾಶ್‌ಹಂಡ್ ಸಾಕಿದವರಿಗೆ ಐವಿಡಿಡಿ, ಅಂದರೆ ಬೆನ್ನೆಲುಬಿನ ನಡುವಿನ ಡಿಸ್ಕ್ ಕೆಟ್ಟು ನರಹುರಿಯನ್ನು ಒತ್ತುವ ಕಾಯಿಲೆ, ಹೊಸದಲ್ಲ. ಈ ತಳಿಯಲ್ಲಿ ನಾಲ್ಕೈದು ನಾಯಿಗಳಲ್ಲಿ ಒಂದಕ್ಕಾದರೂ ಡಿಸ್ಕ್ ಕೈಕೊಡುತ್ತದೆ. ಬುಗುರಿಗೆ ಆಗ ಐದನೇ ವರ್ಷ. ಮೊದಲು ಬೆನ್ನು ಗೂನು ಮಾಡಿಕೊಂಡು ನಡುಗಿದಳು, ಮರುದಿನ ಹಿಂದಿನ ಪಾದ ಮಡಚಿ ಎಳೆದಳು, ಸಂಜೆಯ ಹೊತ್ತಿಗೆ ಎರಡೂ ಕಾಲು ಸತ್ವ ಕಳಕೊಂಡವು. ಡಾಕ್ಟರು ಹಿಂಗಾಲಿನ ಬೆರಳನ್ನು ಫೋರ್ಸೆಪ್ಸಿನಿಂದ ಒತ್ತಿ ಹಿಡಿದರು. ತಿರುಗಿ ಗುರ್ ಎಂದಳು. ಆ ಗುರ್ ಕೇಳಿದ ಮೇಲೇ ನನಗೆ ಧೈರ್ಯ ಬಂದದ್ದು. ಕಾಲು ಹಿಂದೆ ಎಳೆದುಕೊಂಡರಷ್ಟೇ ಸಾಲದು, ಅದು ಬರೀ ನರದ ಜಗ್ಗಾಟವಿರಬಹುದು. ನೋವು ಗೊತ್ತಾಗಿ ನಾಯಿ ತಿರುಗಿ ನೋಡಬೇಕು. ನೋಡದಿದ್ದರೆ ನನ್ನ ದಾರಿ ನಿಮಗಲ್ಲ, ಒಂದೆರಡು ದಿನದೊಳಗೆ ಆಪರೇಷನ್ ಆಗಲೇಬೇಕು.

ಬೆಂಗಳೂರಿನಲ್ಲಿ ಎಂಆರ್‌ಐ, ಆಪರೇಷನ್ ಎಲ್ಲ ಸೇರಿ 90 ಸಾವಿರದ ಮೇಲೆ ಎಂದರು. ಅದರ ಮೇಲೆ 400 ಕಿಲೋಮೀಟರಿಗೂ ಹೆಚ್ಚಿನ ದಾರಿಯ ಕುಲುಕಾಟ. ಇಲ್ಲೇ ಕೂಡಿಹಾಕಿ ನೋಡೋಣ, ಆರು ವಾರ, ಆದರೆ ದಿನಾ ಬೆರಳು ಒತ್ತಿ ನೋಡಬೇಕು ಎಂದು ಡಾಕ್ಟರು ಒಪ್ಪಿದರು.

ಕೂಡಿಹಾಕುವುದು ಎಂದರೆ ಸುಲಭ ಅಂದುಕೊಂಡವರೇ ಹೆಚ್ಚು. ಮೊದಲು ತರಿಸಿದ್ದು ತಂತಿಯ ಪಂಜರ, ಮೂರು ಸಾವಿರದ ಮೇಲೆ. ಅದರ ತಳದ ತಟ್ಟೆ ಎಷ್ಟು ಜಾರುತ್ತದೆ ಎಂದರೆ, ಏಳಲು ಹೋದಾಗಲೆಲ್ಲ ಹಿಂಗಾಲು ಎರಡೂ ಅಗಲಕ್ಕೆ ಸರಿಯುತ್ತಿದ್ದವು. ಆಮೇಲೆ ಮಡಚುವ ಬೇಲಿ ತಂದೆ, ಎರಡು ಸಾವಿರ. ಸ್ವಲ್ಪ ಬಲ ಬಂದದ್ದೇ ತಡ, ಅದಕ್ಕೆ ಮುಂಗಾಲು ಊರಿ ಎದ್ದು ನಿಲ್ಲತೊಡಗಿದಳು. ಬೆನ್ನಿಗೆ ಅದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಕೊನೆಗೆ ಬಡಿಗೇರರನ್ನು ಕರೆಸಿ ಹಲಗೆಯ ಪೆಟ್ಟಿಗೆಯನ್ನೇ ಮಾಡಿಸಿದೆ: ಮೂರಡಿ ಉದ್ದ, ಎರಡಡಿ ಚಿಲ್ಲರೆ ಅಗಲ, ಮೇಲೆ ಜಾಲರಿಯ ಮುಚ್ಚಳ. ಮುಚ್ಚಳದ ಎತ್ತರದಲ್ಲೇ ಎಲ್ಲ ಇದೆ. ನಿಂತರೆ ಕಿವಿಯ ಮೇಲೆ ನಾಲ್ಕು ಬೆರಳು ಜಾಗ ಉಳಿಯಬೇಕು, ಹೆಚ್ಚಿಲ್ಲ. ತಳಕ್ಕೆ ಸುಭಾಸ ರೋಡಿನಲ್ಲಿ ಕೊಂಡ ರಬ್ಬರ್ ಮ್ಯಾಟ್, ಅದರ ಮೇಲೆ ಹಳೆಯ ಕೌದಿ. ಮಜೂರಿ ಸೇರಿ ನಾಲ್ಕು ಸಾವಿರದ ಒಳಗೇ ಆಯಿತು. ಅಂಗಡಿಯ ಯಾವ ಪಂಜರವೂ ಅದರ ಸಮಕ್ಕೆ ಬರುವುದಿಲ್ಲ.

ಹೊರಗೆ ತರುವುದು ಉಚ್ಚೆ, ಕಕ್ಕಸಿಗೆ ಮಾತ್ರ, ಐದೈದು ನಿಮಿಷ. ಹೊಟ್ಟೆಯ ಕೆಳಗೆ ಅತ್ತೆಯವರ ಹಳೆಯ ಇಳಕಲ್ ಸೀರೆಯ ತುಂಡು ಹಾಕಿ ಹಿಂಭಾಗದ ಭಾರ ನಾನು ಹಿಡಿಯುತ್ತಿದ್ದೆ. ಟವೆಲ್ ಸುರುಳಿಯಾಗಿ ಹೊಟ್ಟೆಗೆ ಒತ್ತುತ್ತದೆ, ಹತ್ತಿ ಸೀರೆ ಹರಡಿಕೊಂಡು ಕೂರುತ್ತದೆ. ಮೊದಲ ವಾರ ಮೂತ್ರಕೋಶ ತಾನಾಗಿ ಖಾಲಿಯಾಗುತ್ತಿರಲಿಲ್ಲ. ಒತ್ತಿ ತೆಗೆಯುವುದನ್ನು ಡಾಕ್ಟರ ಕೈ ನೋಡಿಯೇ ಕಲಿಯಿರಿ, ವಿಡಿಯೋ ನೋಡಿ ಬೇಡ. ಔಷಧದಲ್ಲಿ ಒಂದೇ ಮಾತು: ಸ್ಟೆರಾಯ್ಡ್ ನಡೆದಿದ್ದರೆ ಮೆಲಾಕ್ಸಿಕಾಂ ಥರದ ನೋವಿನ ಔಷಧ ಕೂಡದು, ಎರಡೂ ಸೇರಿದರೆ ಹೊಟ್ಟೆ ಹುಣ್ಣಾಗುತ್ತದೆ. ಮನೆಯಲ್ಲಿರುವ ನಮ್ಮ ನೋವಿನ ಗುಳಿಗೆಯಂತೂ ಮುಟ್ಟಲೇಬೇಡಿ. ಗುಳಿಗೆ ಉಗುಳುವ ನಾಯಿಗೆ ಅದನ್ನು ನುಂಗಿಸುವ ನನ್ನದೊಂದು ಪಾಕವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ನಿಜವಾದ ಕಷ್ಟ ಎರಡನೇ ವಾರ ಮುಗಿದ ಮೇಲೆ. ನೋವು ಹೋಗಿರುತ್ತದೆ, ಬಾಲ ಆಡುತ್ತದೆ, ಮೂರು ಹೆಜ್ಜೆ ಇಡುತ್ತಾಳೆ. ಆಗಲೇ ಎಲ್ಲರೂ ಬಾಗಿಲು ತೆಗೆಯುವುದು. ಡಿಸ್ಕಿನ ಒಡಕು ಇನ್ನೂ ಮಾಯ್ದಿರುವುದಿಲ್ಲ, ಒಂದು ಜಿಗಿತ ಸಾಕು, ಮತ್ತೆ ಮೊದಲಿನಿಂದ. ಪಕ್ಕದ ಮನೆಯ ವೈನಿ ದಿನಾ ಬಂದು "ಎಷ್ಟ ದಿನಾ ಜೇಲಿನ್ಯಾಗ ಇಡತೀರಿ, ನಡಿಲಿಕ್ಕೆ ಹತ್ತೇತಲ್ಲ" ಎಂದು ಕಣ್ಣು ತುಂಬಿಕೊಳ್ಳುತ್ತಿದ್ದರು. ಇನ್ನೊಬ್ಬ ಕಾಕಾ ಎಳ್ಳೆಣ್ಣೆ ತಿಕ್ಕಿ ಬೆನ್ನು ಜಗ್ಗುವವರನ್ನು ಕರಕೊಂಡೇ ಬಂದರು. ಚಹಾ ಕೊಟ್ಟು ಕಳಿಸಿದೆ.

ಬೇಸರಕ್ಕೆ ಒಂದು ಆಟ ಹೂಡಿದೆ. ಮೂರು ವಾಟಗ ಬೋರಲು ಹಾಕಿ, ಒಂದರ ಕೆಳಗೆ ಕೋಳಿಯ ಚೂರು. ಮೂಸಿ ಸರಿಯಾದ ವಾಟಗದ ಮುಂದೆ ಮೂಗು ಇಟ್ಟರೆ ಅವಳದು. ಬಿಲದೊಳಗಿನ ಪ್ರಾಣಿಯ ಜಾಡು ಹಿಡಿಯಲು ಬೆಳೆಸಿದ ಜಾತಿ, ಓಡಿದಷ್ಟೇ ಮೂಸಿಯೂ ದಣಿಯುತ್ತದೆ. ಹತ್ತು ನಿಮಿಷ ಆಡಿಸಿದರೆ ಎರಡು ತಾಸು ನಿದ್ದೆ. ಹಾಗೇ ಮುಂದೆ ಟಬ್ಬಿನಲ್ಲಿ ಬೆಚ್ಚಗಿನ ನೀರು ತುಂಬಿ ಈಜಿಸಲೂ ನೋಡಿದೆ. ಹೆದರಿ ಬೆನ್ನು ಬಿಗಿ ಹಿಡಿದಳು, ಅಲ್ಲಿಗೇ ಬಿಟ್ಟೆ.

ತೂಕದ ಬಗ್ಗೆ ಯಾರೂ ಖಡಕ್ಕಾಗಿ ಹೇಳುವುದಿಲ್ಲ, ನಾನು ಹೇಳುತ್ತೇನೆ. ಮಿನಿ ಎಂದರೆ 5 ಕಿಲೋ ಆಸುಪಾಸು. ಬುಗುರಿ ಬಿದ್ದಾಗ 6.8 ಇದ್ದಳು. ಮನೆಗೆ ಬಂದವರೆಲ್ಲ ಪೇಢೆ ಮುರಿದು ಹಾಕುತ್ತಿದ್ದರು, ಮಾವನವರು ತುಪ್ಪ ಹಚ್ಚಿದ ರೊಟ್ಟಿ. ಎರಡನ್ನೂ ನಿಲ್ಲಿಸಿದೆ. ಬೇಯಿಸಿದ ಕೋಳಿ, ಕುಂಬಳಕಾಯಿ, ಒಂದು ಹಿಡಿ ಅನ್ನ, ಬಾಯಾಡಿಸಲು ಸೌತೆಕಾಯಿ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಬುಟ್ಟಿಯಿಟ್ಟು ವಾರಕ್ಕೊಮ್ಮೆ ತೂಗಿಸುತ್ತಿದ್ದೆ. ನಾಲ್ಕು ತಿಂಗಳಿಗೆ 5.3ರ ಹತ್ತಿರ ಬಂದಳು. ಕಾಲಿಗೆ ಬಲ ಬಂದದ್ದರಲ್ಲಿ ಗುಳಿಗೆಗಿಂತ ಇದರ ಪಾಲೇ ದೊಡ್ಡದು ಎಂಬುದು ನನ್ನ ನಂಬಿಕೆ.

ಆಮೇಲಿನದು ಮನೆ ಬದಲಿಸುವ ಕೆಲಸ. ಮಂಚಕ್ಕೆ ಹತ್ತಲು ಇಳಿಜಾರು ಹಲಗೆ ಮಾಡಿಸಿದರೆ, ಮೇಲೆ ಹಚ್ಚಿದ ಸನ್‌ಮೈಕಾ ಜಾರಿತು. ತೆಂಗಿನ ನಾರಿನ ಮ್ಯಾಟ್ ಹಚ್ಚಿದರೆ ಉಗುರು ಸಿಕ್ಕಿಕೊಂಡಿತು. ಐದಡಿ ಉದ್ದ ಮಾಡಿಸಿ ಕಾರ್ಪೆಟ್ ಹೊದಿಸಿದ್ದು ಸರಿಹೋಯಿತು, ಆದರೆ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಆ ಹಲಗೆಯನ್ನು ಸೋಫಾಕ್ಕೆ ಕೊಟ್ಟು, ಮಂಚದ ಕಾಲನ್ನೇ ಕೊಯ್ಯಿಸಿದೆ. "ಅಕ್ಕಾರ, ನಾಯಿ ಸಲುವಾಗಿ ಸಾಗವಾನಿ ಮಂಚಾ ಕೊಯ್ಸತೀರೇನ್ರಿ?" ಎಂದು ಬಡಿಗೇರರು ಗರಗಸ ಹಿಡಿದು ಬಹಳ ಹೊತ್ತು ನಿಂತಿದ್ದರು. ಖರ್ಚು 300 ರೂಪಾಯಿ. ಕೊರಳಪಟ್ಟಿ ತೆಗೆದು ಎದೆಪಟ್ಟಿ ಹಾಕಿದೆ. ಅಂಗಡಿಯವು ಪಗ್‌ನ ಅಳತೆಗೆ ಇರುತ್ತವೆ, ಎದೆ ಆಳವಾದ ಈ ನಾಯಿಗೆ ಕಂಕುಳು ಕೆರೆಯುತ್ತದೆ, ಆದ್ದರಿಂದ ಟೇಲರ್ ಹತ್ತಿರ ಹೊಲಿಸಿದೆ. ಎತ್ತುವಾಗ ಒಂದು ಕೈ ಎದೆಗೆ, ಒಂದು ಕೈ ಕುಂಡೆಗೆ, ಬೆನ್ನು ನೆಲಕ್ಕೆ ಸಮ. ಮಕ್ಕಳು ಕಂಕುಳಲ್ಲಿ ಕೈ ಹಾಕಿ ಎತ್ತುವುದನ್ನು ಮನೆಯಲ್ಲಿ ಪೂರ್ತಿ ಬಂದ್ ಮಾಡಿದ್ದೇನೆ.

ಮಳೆಗಾಲದಲ್ಲಿ ಎರೆಮಣ್ಣು ಹೊಟ್ಟೆಗೆ ಮೆತ್ತಿ ಒಣಗುತ್ತದೆ, ಅವಳು ಅಂಗಳಕ್ಕೇ ಇಳಿಯುವುದಿಲ್ಲ. ತಗಡಿನ ಕೆಳಗೆ ದೊಡ್ಡ ಟ್ರೇನಲ್ಲಿ ಉಸುಕು ಹಾಕಿ ರೂಢಿ ಮಾಡಿಸುತ್ತಿದ್ದೇನೆ, ಅರ್ಧ ಸಾಧಿಸಿದೆ.

ಡಾಕ್ಟರ ಫೀ, ಎಕ್ಸ್‌ರೇ, ಔಷಧ, ವ್ಯರ್ಥವಾದ ಪಂಜರ, ಬೇಲಿ ಎಲ್ಲ ಹಿಡಿದು ಸುಮಾರು 20 ಸಾವಿರ. ಪೆಟ್ಟಿಗೆ ಈಗ ಹುಬ್ಬಳ್ಳಿ ನವನಗರದ ಒಬ್ಬರ ಮನೆಯಲ್ಲಿದೆ, ಅವರ ನಾಯಿಗೆ ಮೂರನೇ ವಾರ ನಡೆದಿದೆ. ಅವರದಾದ ಮೇಲೆ ಬೇಕಾದವರು ಒಯ್ಯಬಹುದು, ಮುಚ್ಚಳ ಮಾತ್ರ ನಿಮ್ಮ ನಾಯಿಯ ಕಿವಿಯ ಎತ್ತರ ಅಳೆದು ಹೊಸದಾಗಿ ಕೂರಿಸಿಕೊಳ್ಳಿ.