ಮಂಗಳದ ಗಡಿಯಾರಕ್ಕೆ ಹಲ್ಲು ಎಣಿಸಿದ್ದು: ಒಂದು ಮೊಬೈಲ್ ಒಗಟಿನಾಟವನ್ನು ಕಟ್ಟಿದ ನನ್ನ ಅನುಭವ

ಮಂಗಳ ಗ್ರಹದಲ್ಲಿ ಮನುಷ್ಯರು ಬಿಟ್ಟುಹೋದ ಒಂದು ನಿಲ್ದಾಣ. ಅಲ್ಲಿ ವಿದ್ಯುತ್ ಇಲ್ಲ, ಕಂಪ್ಯೂಟರ್‌ಗಳು ನಿಂತುಹೋಗಿವೆ, ಉಳಿದಿರುವುದು ಗಿಯರ್, ಸನ್ನೆಕೋಲು, ಸ್ಪ್ರಿಂಗ್‌ಗಳಿಂದ ನಡೆಯುವ ಯಂತ್ರಗಳು ಮಾತ್ರ. ಆಟಗಾರರು ಅವುಗಳನ್ನು ಬೆರಳಿನಿಂದ ತಿರುಗಿಸಿ, ಜೋಡಿಸಿ, ಒಂದೊಂದೇ ಬಾಗಿಲು ತೆರೆಯುತ್ತ ಒಳಗೆ ಸಾಗಬೇಕು. ನಾನು ಮಾಡಹೊರಟ ಮೊಬೈಲ್ ಆಟದ ಕಲ್ಪನೆ ಆರಂಭದಲ್ಲಿ ಇಷ್ಟೇ ಇತ್ತು, ಮತ್ತು ಇಷ್ಟರಲ್ಲಿ ವಿಶೇಷವೇನೂ ಇರಲಿಲ್ಲ. ಕಥೆಯಲ್ಲಿ ಮಂಗಳವಿತ್ತೇ ಹೊರತು ಒಗಟುಗಳಲ್ಲಿ ಇರಲಿಲ್ಲ; ಅವೇ ಯಂತ್ರಗಳನ್ನು ಯಾವುದೋ ಹಳೆಯ ಬಂಗಲೆಯೊಳಗೆ ಇಟ್ಟಿದ್ದರೂ ಆಟ ಹಾಗೆಯೇ ನಡೆಯುತ್ತಿತ್ತು. ಇದು ನನಗೆ ಹೊಳೆಯುವಷ್ಟರಲ್ಲಿ ಮೂರು ಹಂತಗಳನ್ನು ಪೂರ್ತಿ ಕಟ್ಟಿ ಮುಗಿಸಿದ್ದೆ. ಆ ಮೂರನ್ನೂ ಕೈಬಿಟ್ಟೆ.

ಮುಂದಿನ ದಾರಿ ಕಂಡದ್ದು ಆ್ಯಂಟಿಕಿತೆರಾ ಯಂತ್ರದ ಬಗ್ಗೆ ಓದುವಾಗ. ಗ್ರೀಸ್‌ನ ಆ್ಯಂಟಿಕಿತೆರಾ ದ್ವೀಪದ ಬಳಿ ಮುಳುಗಿದ್ದ ಹಡಗಿನಿಂದ 1901ರಲ್ಲಿ ಮೇಲೆತ್ತಲಾದ, ಎರಡು ಸಾವಿರ ವರ್ಷಕ್ಕೂ ಹಳೆಯದಾದ ಆ ಕಂಚಿನ ಯಂತ್ರದಲ್ಲಿ 30 ಗಿಯರ್‌ಗಳು ಉಳಿದುಕೊಂಡಿವೆ. ಅವುಗಳಲ್ಲಿ ದೊಡ್ಡದೊಂದಕ್ಕೆ 223 ಹಲ್ಲುಗಳಿದ್ದವೆಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. 223 ಚಾಂದ್ರಮಾಸಗಳಿಗೊಮ್ಮೆ ಗ್ರಹಣಗಳ ಸರಣಿ ಮರುಕಳಿಸುತ್ತದೆ. ಹಲ್ಲುಗಳ ಎಣಿಕೆ ಅಲ್ಲಿಂದಲೇ ಬಂದದ್ದು. ಅಂದರೆ ಆಕಾಶದ ಬಗ್ಗೆ ಅವರಿಗೆ ತಿಳಿದಿದ್ದುದನ್ನು ಅವರು ಬರೆದಿಟ್ಟದ್ದು ಹಲ್ಲುಗಳ ಸಂಖ್ಯೆಯಲ್ಲಿ. ನನ್ನ ನಿಲ್ದಾಣದ ಗಡಿಯಾರವೂ ಹಾಗೆಯೇ ಇರಬೇಕೆಂದು ಆಗ ನಿಶ್ಚಯಿಸಿದೆ: ಯಂತ್ರದ ಹಲ್ಲುಗಳನ್ನು ಎಣಿಸಿದವರಿಗೆ ಅದು ಯಾವ ಗ್ರಹದ ಮೇಲಿದೆ ಎಂಬುದು ಗೊತ್ತಾಗಬೇಕು.

ಮಂಗಳದ ಒಂದು ಸೌರದಿನ 24 ಗಂಟೆ 39 ನಿಮಿಷ 35 ಸೆಕೆಂಡುಗಳಷ್ಟು ದೀರ್ಘ. 2004ರಲ್ಲಿ ಸ್ಪಿರಿಟ್ ಮತ್ತು ಆಪರ್ಚುನಿಟಿ ರೋವರ್‌ಗಳು ಅಲ್ಲಿ ಇಳಿದಾಗ ಅವುಗಳನ್ನು ನಡೆಸುತ್ತಿದ್ದವರು ದಿನಕ್ಕೆ ಸುಮಾರು 40 ನಿಮಿಷ ತಡವಾಗಿ ಕೆಲಸ ಆರಂಭಿಸುತ್ತ, ಹಗಲು ರಾತ್ರಿಗಳ ಪರಿವೆಯಿಲ್ಲದೆ ಮಂಗಳದ ಸಮಯಕ್ಕೆ ತಮ್ಮನ್ನು ಹೊಂದಿಸಿಕೊಂಡಿದ್ದರು. ನನ್ನ ಗಡಿಯಾರದಲ್ಲಿ ಭೂಮಿಯ ದಿನಕ್ಕೆ ಒಂದು ಸುತ್ತು ಹಾಕುವ ಅಚ್ಚು (ಗಿಯರ್ ಕೂರುವ, ತಿರುಗುವ ಕಡ್ಡಿ) ಒಂದು, ಮಂಗಳದ ದಿನಕ್ಕೆ ಒಂದು ಸುತ್ತು ಹಾಕುವ ಅಚ್ಚು ಇನ್ನೊಂದು. ಇವೆರಡರ ನಡುವಿನ ಅನುಪಾತವನ್ನು ಗಿಯರ್‌ಗಳಿಂದ ತರಬೇಕಿತ್ತು. ದಿನಗಳ ಈ ಅನುಪಾತ 1.02749ರಷ್ಟಿದೆ. ಇದನ್ನು ಸತತ ಭಿನ್ನರಾಶಿಯಾಗಿ, ಅಂದರೆ ಹೆಜ್ಜೆಹೆಜ್ಜೆಗೂ ನಿಜವಾದ ಬೆಲೆಗೆ ಹತ್ತಿರವಾಗುವ ಭಿನ್ನರಾಶಿಗಳು ಸಿಗುವಂತೆ ಬಿಡಿಸಿದರೆ ಮೊದಲು 37/36 ಬರುತ್ತದೆ, ಆಮೇಲೆ 75/73, 112/109, 187/182. ಮೊದಲನೆಯದು ದಿನಕ್ಕೆ ಸುಮಾರು 25 ಸೆಕೆಂಡು ತಪ್ಪುತ್ತದೆ, ಎರಡನೆಯದು 8 ಸೆಕೆಂಡು, ನಾಲ್ಕನೆಯದು 1.6 ಸೆಕೆಂಡು ಮಾತ್ರ. ನಾಲ್ಕನೆಯದರ ಇನ್ನೊಂದು ಗುಣ ನನಗೆ ಹೆಚ್ಚು ಹಿಡಿಸಿತು: 73 ಮತ್ತು 109 ಅವಿಭಾಜ್ಯ ಸಂಖ್ಯೆಗಳಾದ್ದರಿಂದ ಅಷ್ಟೇ ಹಲ್ಲುಗಳ ದೊಡ್ಡ ಗಿಯರ್‌ಗಳು ಬೇಕಾಗುತ್ತವೆ, ಆದರೆ 187 ಎಂದರೆ 11 ಗುಣಿಸು 17, 182 ಎಂದರೆ 13 ಗುಣಿಸು 14. ಚಿಕ್ಕ ಗಿಯರ್‌ಗಳ ಎರಡು ಜೋಡಿ ಸಾಕು. ಮೊಬೈಲ್ ಪರದೆಯ ಮೇಲೆ 109 ಹಲ್ಲುಗಳ ಗಿಯರ್ ಹಲ್ಲಿಲ್ಲದ ತಟ್ಟೆಯಂತೆ ಕಾಣುತ್ತದೆ.

ಎರಡೂ ಮುಳ್ಳುಗಳು ಒಂದೇ ಕೇಂದ್ರದಲ್ಲಿ ತಿರುಗಬೇಕೆಂಬ ಹಟ ನನ್ನದಾಗಿತ್ತು. ಹಾಗಾದರೆ ಎರಡೂ ಜೋಡಿಗಳಲ್ಲಿ ಗಿಯರ್‌ಗಳ ಕೇಂದ್ರಗಳ ನಡುವಿನ ದೂರ ಒಂದೇ ಆಗಬೇಕು. ಹಲ್ಲುಗಳ ಗಾತ್ರ ಒಂದೇ ಇಟ್ಟುಕೊಂಡರೆ 65ಕ್ಕೆ 85, 84ಕ್ಕೆ 66 ಎಂಬ ಜೋಡಿಗಳು ಹೊಂದುತ್ತವೆ, ಆದರೆ ಅಲ್ಲಿ ಮತ್ತದೇ ತಟ್ಟೆಯ ಸಮಸ್ಯೆ. ಕೊನೆಗೆ 26 ಹಲ್ಲಿನ ಗಿಯರ್ 34 ಹಲ್ಲಿನದನ್ನು ತಿರುಗಿಸುವಂತೆ, ಆ 34ರ ಅಚ್ಚಿನ ಮೇಲೆಯೇ ಕುಳಿತ 28 ಹಲ್ಲಿನ ಗಿಯರ್ 22 ಹಲ್ಲಿನದನ್ನು ತಿರುಗಿಸುವಂತೆ ಮಾಡಿ, ಎರಡನೆಯ ಜೋಡಿಯ ಹಲ್ಲುಗಳನ್ನು ಮೊದಲನೆಯದಕ್ಕಿಂತ 6/5ರಷ್ಟು ದೊಡ್ಡದಾಗಿಸಿದೆ. ಈ ರಾಜಿಯೇ ಒಂದು ಒಗಟಾಯಿತು. ಗಡಿಯಾರದಿಂದ ಕಳಚಿಬಿದ್ದ ನಾಲ್ಕು ಗಿಯರ್‌ಗಳನ್ನು ಆಟಗಾರರು ಮರುಜೋಡಿಸುವಾಗ, 26ಕ್ಕೆ 22 ಹೊಂದುವಂತೆ ಕಂಡರೂ ಹಲ್ಲುಗಳು ಒಂದರೊಳಗೊಂದು ಕೂರುವುದಿಲ್ಲ. ಹಲ್ಲಿನ ಗಾತ್ರ ಒಂದೇ ಇದ್ದರೆ ಮಾತ್ರ ಗಿಯರ್‌ಗಳು ಕೂಡುತ್ತವೆ ಎಂಬುದನ್ನು ಒಂದಕ್ಷರವೂ ಬರೆಯದೆ ಕಲಿಸಲು ಸಾಧ್ಯವಾಯಿತು.

ಇನ್ನು ಯಂತ್ರವನ್ನು ನಡೆಸುವ ಕೋಡ್‌ನ ವಿಷಯ. ಇಲ್ಲಿ ನಾನು ಮಾಡಿದ ತಪ್ಪು ಬಹುಶಃ ಎಲ್ಲ ಹೊಸಬರೂ ಮಾಡುವಂಥದ್ದು. ಆಟ ಕಟ್ಟುವ ತಂತ್ರಾಂಶವಾದ ಯೂನಿಟಿಯಲ್ಲಿ, ವಸ್ತುಗಳ ಚಲನೆ ಮತ್ತು ಡಿಕ್ಕಿಗಳನ್ನು ಲೆಕ್ಕ ಹಾಕುವ ಫಿಸಿಕ್ಸ್ ಎಂಜಿನ್ ಸಿದ್ಧವಾಗಿಯೇ ಇರುವಾಗ ಅದನ್ನೇ ಬಳಸೋಣವೆಂದು ಪ್ರತಿ ಗಿಯರನ್ನೂ ಒಂದು ಘನವಸ್ತುವನ್ನಾಗಿಸಿ, ಪ್ರತಿ ಹಲ್ಲಿಗೂ ಡಿಕ್ಕಿಯನ್ನು ಗುರುತಿಸುವ ಆಕಾರವೊಂದನ್ನು ಕೊಟ್ಟೆ. ಎರಡು ಗಿಯರ್‌ಗಳು ಚೆನ್ನಾಗಿ ತಿರುಗಿದವು. ಐದು ಕೂಡಿದಾಗ ಹಲ್ಲುಗಳು ನಡುಗಿದವು, ಒಂಬತ್ತಾದಾಗ ಒಂದರ ಮೇಲೊಂದು ಜಾರತೊಡಗಿದವು. ಆ ಎಂಜಿನ್ ಮೂಲ ಹೊಂದಾಣಿಕೆಯಲ್ಲಿ 0.02 ಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ 50 ಬಾರಿ ಲೆಕ್ಕ ಮಾಡುತ್ತದೆ. ಆಟಗಾರರು ಬೆರಳನ್ನು ವೇಗವಾಗಿ ಎಳೆದರೆ ಎರಡು ಲೆಕ್ಕಗಳ ನಡುವೆ ಒಂದು ಹಲ್ಲು ಇನ್ನೊಂದನ್ನು ದಾಟಿಯೇ ಹೋಗಿರುತ್ತದೆ. ಲೆಕ್ಕದ ಅವಧಿಯನ್ನು ಕಡಿಮೆ ಮಾಡಿದರೆ ಫೋನ್ ಬಿಸಿಯಾಗುತ್ತಿತ್ತು. ಎರಡು ತಿಂಗಳು ಇದರೊಡನೆ ಹೆಣಗಿದ ಮೇಲೆ ನನಗೆ ಅರಿವಾದದ್ದೇನೆಂದರೆ, ಗಿಯರ್‌ಗಳ ಹಲ್ಲು ಹಲ್ಲಿಗೆ ಬಡಿಯುವುದನ್ನು ಲೆಕ್ಕ ಮಾಡುವ ಅಗತ್ಯವೇ ಇರಲಿಲ್ಲ. ಗಿಯರ್ ಎಂದರೆ ಒಂದು ಅನುಪಾತ ಮಾತ್ರ. ಹಲ್ಲುಗಳು ಕಣ್ಣಿಗಾಗಿ ಇವೆ.

ಹಾಗಾಗಿ ಫಿಸಿಕ್ಸ್ ಎಂಜಿನ್ನನ್ನು ಪೂರ್ತಿ ಕಿತ್ತುಹಾಕಿ, ಯಂತ್ರವನ್ನು ಒಂದು ಜಾಲವಾಗಿ ಬರೆದೆ. ಪ್ರತಿ ಅಚ್ಚು ಒಂದು ಬಿಂದು, ಎರಡು ಅಚ್ಚುಗಳನ್ನು ಕೂಡಿಸುವ ಗಿಯರ್ ಜೋಡಿ ಒಂದು ಗೆರೆ, ಆ ಗೆರೆಯ ಮೇಲೆ ಒಂದು ಭಿನ್ನರಾಶಿ. ಬೆರಳು ಒಂದು ಅಚ್ಚನ್ನು ತಿರುಗಿಸಿದಾಗ ಅಲ್ಲಿಂದ ನೆರೆಯ ಅಚ್ಚುಗಳಿಗೆ, ಅವುಗಳಿಂದ ಮುಂದಿನವುಗಳಿಗೆ ತಿರುಗುವಿಕೆ ಹರಡುತ್ತದೆ. ಒಂದೇ ಅಚ್ಚನ್ನು ಎರಡು ದಾರಿಗಳಿಂದ ತಲುಪಿದಾಗ ಎರಡು ಬೇರೆ ಉತ್ತರಗಳು ಬಂದರೆ ಇಡೀ ಯಂತ್ರ ಬಿಗಿದುಕೊಂಡಿದೆ ಎಂದರ್ಥ. ಮೂರು ಗಿಯರ್‌ಗಳನ್ನು ಪರಸ್ಪರ ತಾಗುವಂತೆ ವೃತ್ತಾಕಾರದಲ್ಲಿ ಇಟ್ಟರೆ ಅವು ತಿರುಗಲಾರವು ಎಂಬ ನಿಯಮವನ್ನು ನಾನು ಪ್ರತ್ಯೇಕವಾಗಿ ಬರೆಯಬೇಕಾಗಲೇ ಇಲ್ಲ, ಈ ಪರೀಕ್ಷೆಯಿಂದ ತಾನಾಗಿಯೇ ಬಂದಿತು. ಕೋಡ್ ಸಾವಿರಾರು ಸಾಲುಗಳಿಂದ ಕೆಲವು ನೂರು ಸಾಲುಗಳಿಗೆ ಇಳಿಯಿತು.

ಇದರಲ್ಲೂ ಒಂದು ಎಡವಟ್ಟು ಉಳಿದಿತ್ತು. ಕೋನಗಳನ್ನು ದಶಮಾಂಶ ಸಂಖ್ಯೆಗಳಾಗಿ ಇಟ್ಟು, ಪ್ರತಿ ಫ್ರೇಮಿಗೂ ಸ್ವಲ್ಪ ಸ್ವಲ್ಪ ಕೂಡಿಸುತ್ತಿದ್ದೆ. 32 ಬಿಟ್‌ಗಳ ಅಂಥ ಸಂಖ್ಯೆಯಲ್ಲಿ ಅಂಕಿಗಳಿಗೆ ಮೀಸಲಾಗಿರುವುದು 24 ಬಿಟ್‌ಗಳಷ್ಟು ನಿಖರತೆ ಮಾತ್ರ. ಸಾವಿರಾರು ಬಾರಿ ಕೂಡಿಸಿದ ಮೇಲೆ ಹಲ್ಲುಗಳು ಕೂದಲೆಳೆಯಷ್ಟು ಸರಿದು ಒಂದರೊಳಗೊಂದು ಹುದುಗಿದಂತೆ ಕಾಣುತ್ತಿದ್ದವು. ಈಗ ಮೊದಲ ಅಚ್ಚು ಒಟ್ಟು ಎಷ್ಟು ತಿರುಗಿದೆ ಎಂಬುದನ್ನು ಮಾತ್ರ ಪೂರ್ಣಾಂಕವಾಗಿ ಇಟ್ಟುಕೊಂಡು, ಉಳಿದೆಲ್ಲವನ್ನೂ ಪ್ರತಿ ಬಾರಿ ಅದರಿಂದಲೇ ಭಿನ್ನರಾಶಿಯ ಮೂಲಕ ಪಡೆಯುತ್ತೇನೆ. ಎಷ್ಟು ಹೊತ್ತು ಆಡಿದರೂ ಹಲ್ಲು ಸರಿಯುವುದಿಲ್ಲ.

ಎಲ್ಲ ಭಾಗಗಳೂ ಹೀಗೆ ಸರಳ ಅನುಪಾತಕ್ಕೆ ಒಗ್ಗುವುದಿಲ್ಲ. ಗಾಳಿಕೋಣೆಯ ಬಾಗಿಲಿಗೆ ನಾನು ಜಿನೀವಾ ಚಕ್ರವನ್ನು ಆರಿಸಿದ್ದೆ. ಹಿಂದೆ ಸಿನಿಮಾ ಪ್ರೊಜೆಕ್ಟರ್‌ಗಳಲ್ಲಿ ರೀಲನ್ನು ಚೌಕಟ್ಟು ಚೌಕಟ್ಟಾಗಿ ಸರಿಸುತ್ತಿದ್ದುದು ಇದೇ. ನಾಲ್ಕು ಸೀಳುಗಳಿರುವ ಚಕ್ರದಲ್ಲಿ, ನಡೆಸುವ ಗಾಲಿ ಒಂದು ಸುತ್ತು ಹಾಕುವಾಗ ಅದರ 90 ಡಿಗ್ರಿಯಲ್ಲಿ ಮಾತ್ರ ಚಕ್ರ ಕಾಲುಸುತ್ತು ತಿರುಗಿ, ಉಳಿದ 270 ಡಿಗ್ರಿ ಅಲುಗಾಡದೆ ನಿಲ್ಲುತ್ತದೆ. ಚಕ್ರವನ್ನು ಹಿಡಿದು ಗಾಲಿಯನ್ನು ತಿರುಗಿಸಲು ಆಗುವುದಿಲ್ಲವಾದ್ದರಿಂದ ಜಾಲದಲ್ಲಿ ಅದನ್ನು ಒಮ್ಮುಖದ ಗೆರೆಯಾಗಿ ಬರೆದೆ. ಪರೀಕ್ಷೆಗೆ ಆಡಿದವರು ಆ ಚಕ್ರವನ್ನೇ ಎಳೆದು, ಅದು ಜಗ್ಗದಿದ್ದಾಗ ಫೋನ್ ಸ್ಪರ್ಶವನ್ನು ಗುರುತಿಸಿಲ್ಲವೆಂದು ತಿಳಿದು ಪರದೆಯನ್ನು ಮತ್ತೆ ಮತ್ತೆ ಒತ್ತುತ್ತಿದ್ದರು. ನಿಜವಾದ ಯಂತ್ರದಲ್ಲಿ ಬಿಗಿದ ಭಾಗವೂ ಕೊಂಚ ಅಲುಗುತ್ತದೆ. ಹಾಗಾಗಿ ತಿರುಗಲಾರದ ಪ್ರತಿ ಭಾಗವೂ ಎರಡು ಡಿಗ್ರಿ ಅಲುಗಿ, ಟಕ್ ಎಂಬ ಸದ್ದಿನೊಡನೆ ಹಿಂದಕ್ಕೆ ಬರುವಂತೆ ಮಾಡಿದೆ. ಇಡೀ ಆಟದಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಟ್ಟ ಬದಲಾವಣೆ ಇದು.

ಬೆರಳಿನ ಬಗ್ಗೆ ಹೇಳಲು ಇನ್ನೂ ಇದೆ. ಗಿಯರನ್ನು ತಿರುಗಿಸುವಾಗ ಕೇಂದ್ರದಿಂದ ಬೆರಳಿಗೆ ಇರುವ ಕೋನವನ್ನು ಅಳೆಯಬೇಕು. ಅದು 180 ಡಿಗ್ರಿ ದಾಟಿದೊಡನೆ ಋಣ 180ಕ್ಕೆ ಹಾರುವುದರಿಂದ ಗಿಯರ್ ಒಮ್ಮೆಲೇ ಇಡೀ ಸುತ್ತು ಹಿಂದಕ್ಕೆ ಓಡುತ್ತದೆ. ವ್ಯತ್ಯಾಸವನ್ನು ಮಾತ್ರ ತೆಗೆದುಕೊಂಡು ಅದನ್ನು ಹತ್ತಿರದ ದಿಕ್ಕಿಗೆ ಮಡಿಸಿದರೆ ಇದು ಸರಿಹೋಗುತ್ತದೆ. ಬೆರಳು ಕೇಂದ್ರದ ಸಮೀಪ ಬಂದಾಗ ಅದರ ಸಣ್ಣ ನಡುಕವೂ ದೊಡ್ಡ ತಿರುಗುವಿಕೆಯಾಗಿಬಿಡುವುದರಿಂದ ನಡುಭಾಗವನ್ನು ಸ್ಪರ್ಶಕ್ಕೆ ಮುಚ್ಚಿದೆ. ಆ್ಯಂಡ್ರಾಯ್ಡ್‌ನ ಮಾರ್ಗಸೂಚಿ ಸ್ಪರ್ಶದ ಗುರಿ 48 ಡಿಪಿ, ಅಂದರೆ ಸುಮಾರು 9 ಮಿಲಿಮೀಟರ್ ಇರಬೇಕೆನ್ನುತ್ತದೆ. ಚಿಕ್ಕ ಸನ್ನೆಗಳಿಗೂ ಕಣ್ಣಿಗೆ ಕಾಣದಂತೆ ಅಷ್ಟು ಜಾಗ ಬಿಟ್ಟಿದ್ದೇನೆ. ಹಲ್ಲಿಗೊಂದು ಕಂಪನ ಕೊಟ್ಟು ನೋಡಿದೆ. ವೇಗವಾಗಿ ತಿರುಗಿಸಿದಾಗ ಕೈಯಲ್ಲಿ ಜೇನುಗೂಡು ಹಿಡಿದಂತಾಗುತ್ತಿತ್ತು, ತೆಗೆದುಹಾಕಿದೆ.

ಪರೀಕ್ಷೆಯ ದಿನಗಳಲ್ಲಿ ನನಗೆ ಹೆಚ್ಚು ಪಾಠ ಕಲಿಸಿದ್ದು ಫೋಬೊಸ್. ಮಂಗಳದ ಈ ಉಪಗ್ರಹ 7 ಗಂಟೆ 39 ನಿಮಿಷಗಳಲ್ಲಿ ಒಂದು ಸುತ್ತು ಮುಗಿಸುತ್ತದೆ, ಗ್ರಹ ತಿರುಗುವುದಕ್ಕಿಂತ ಎಷ್ಟೋ ವೇಗವಾಗಿ. ಆದ್ದರಿಂದ ಮಂಗಳದ ನೆಲದಿಂದ ನೋಡಿದರೆ ಅದು ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತದೆ. ಸೂರ್ಯ, ಫೋಬೊಸ್‌ಗಳ ಚಲನೆಯನ್ನು ತೋರಿಸುವ ನನ್ನ ಆಕಾಶಯಂತ್ರದಲ್ಲಿ ಅದು ಸೂರ್ಯನಿಗೆ ಎದುರು ದಿಕ್ಕಿನಲ್ಲಿ ಚಲಿಸುವುದನ್ನು ಕಂಡ ಮೂವರು, ಗಿಯರ್ ತಿರುಗುಮುರುಗಾಗಿದೆ ಎಂದು ದೋಷವರದಿ ಬರೆದರು. ಒಬ್ಬರಂತೂ ನಡುವೆ ಒಂದು ಬಿಡಿ ಗಿಯರ್ ಸೇರಿಸಿ ಅದನ್ನು ‘ಸರಿಪಡಿಸಿದ್ದರು’. ನಡುವಿನ ಗಿಯರ್ ಅನುಪಾತವನ್ನು ಬದಲಿಸದೆ ದಿಕ್ಕನ್ನು ಮಾತ್ರ ಬದಲಿಸುತ್ತದೆ ಎಂಬುದನ್ನು ಅವರು ಆಟದಿಂದಲೇ ಕಲಿತಿದ್ದರು. ನಾನು ಆ ಘಟನೆಯನ್ನೇ ಹಂತವಾಗಿ ಬರೆದೆ. ಈಗ ಆ ಬಿಡಿ ಗಿಯರ್ ಮೊದಲೇ ಅಲ್ಲಿರುತ್ತದೆ, ಫೋಬೊಸ್ ನಮಗೆ ಸಹಜವೆನಿಸುವ ದಿಕ್ಕಿನಲ್ಲೇ ಚಲಿಸುತ್ತದೆ, ಬಾಗಿಲು ಮಾತ್ರ ತೆರೆಯುವುದಿಲ್ಲ. ಕಿಟಕಿಯಾಚೆಯ ನಿಜವಾದ ಆಕಾಶವನ್ನು ಸ್ವಲ್ಪ ಹೊತ್ತು ನೋಡಿದವರು ಗಿಯರನ್ನು ತೆಗೆಯುತ್ತಾರೆ.

ಹಂತಗಳಿಗೆ ಉತ್ತರವಿದೆಯೇ ಎಂದು ಖಚಿತಪಡಿಸಿಕೊಳ್ಳಲು ಎಲ್ಲ ಸಾಧ್ಯತೆಗಳನ್ನೂ ಹುಡುಕುವ ಒಂದು ಚಿಕ್ಕ ಶೋಧಕ ಪ್ರೋಗ್ರಾಮನ್ನೂ ಬರೆದಿದ್ದೆ. ಆರು ಸನ್ನೆಗಳು, ಪ್ರತಿಯೊಂದಕ್ಕೂ ನಾಲ್ಕು ಸ್ಥಾನಗಳು ಎಂದರೆ ಒಟ್ಟು 4096 ಸ್ಥಿತಿಗಳು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲವನ್ನೂ ಹುಡುಕಿ ಮುಗಿಸಬಹುದು. ನಾನು 14 ನಡೆಗಳ ಉತ್ತರವಿಟ್ಟು ಹೆಮ್ಮೆಪಟ್ಟಿದ್ದ ಹಂತವೊಂದನ್ನು ಅದು ಮೂರೇ ನಡೆಗಳಲ್ಲಿ ಬಿಡಿಸಿತು. ಆ ದಾರಿಯನ್ನು ಮುಚ್ಚಲು ಮೊದಲು ಕೈ ತುರಿಸಿತು, ಆಮೇಲೆ ಬಿಟ್ಟುಬಿಟ್ಟೆ. ಅದು ಯಂತ್ರದ ನಿಯಮಕ್ಕೆ ಬದ್ಧವಾದ ದಾರಿಯಾಗಿತ್ತು, ಮತ್ತು ಅದನ್ನು ಕಂಡುಕೊಂಡವರ ಮುಖದಲ್ಲಿ ಕಂಡ ಸಂತೋಷ ನನ್ನ 14 ನಡೆಗಳನ್ನು ನಡೆದವರಲ್ಲಿ ಇರಲಿಲ್ಲ.

ಕೊನೆಯ ಒಗಟು ಎಲ್ಲಕ್ಕಿಂತ ತಡವಾಗಿ, ನಾನು ದೋಷವೆಂದುಕೊಂಡಿದ್ದ 1.6 ಸೆಕೆಂಡಿನಿಂದ ಹುಟ್ಟಿತು. ಹಗಲು ರಾತ್ರಿಯ ಉಷ್ಣತೆಯ ಏರಿಳಿತದಿಂದ ತನಗೆ ತಾನೇ ಕೀಲಿ ಕೊಟ್ಟುಕೊಳ್ಳುವ ಆ ಗಡಿಯಾರ ನಿಲ್ದಾಣ ಖಾಲಿಯಾದ ಮೇಲೂ ನಡೆಯುತ್ತಲೇ ಇರುತ್ತದೆ. (ಭೂಮಿಯ ದಿನದ ಅಚ್ಚು ಎಂದೂ ತಪ್ಪುವುದಿಲ್ಲವೆಂದು ಊಹಿಸಿಕೊಂಡದ್ದು ಇಲ್ಲಿ ನಾನು ತೆಗೆದುಕೊಂಡ ಸಲುಗೆ.) ಮಂಗಳದ ಒಂದು ವರ್ಷದಲ್ಲಿ ಅಲ್ಲಿನ ಸುಮಾರು 668.6 ದಿನಗಳಿವೆ, ದಿನಕ್ಕೆ 1.6 ಸೆಕೆಂಡಿನಂತೆ ಗಡಿಯಾರ ವರ್ಷಕ್ಕೆ ಸುಮಾರು 18 ನಿಮಿಷ ಮುಂದೆ ಓಡುತ್ತದೆ. ಹೊರಟುಹೋದವರು ಕೊನೆಯ ದಿನ ಗಡಿಯಾರದ ಮಧ್ಯಾಹ್ನಕ್ಕೆ ಕಿಟಕಿಯ ಬಿಸಿಲು ಬಿದ್ದ ಜಾಗದಲ್ಲಿ ನೆಲದ ಮೇಲೆ ಒಂದು ಗೆರೆ ಕೊರೆದಿರುತ್ತಾರೆ. ಬಿಸಿಲು ಈಗ ಆ ಗೆರೆಗೆ ಬಂದಾಗ ಗಡಿಯಾರ ಎಷ್ಟು ತೋರಿಸುತ್ತದೆ ಎಂಬುದರಿಂದ, ನಿಲ್ದಾಣ ಎಷ್ಟು ವರ್ಷಗಳಿಂದ ಖಾಲಿ ಇದೆ ಎಂದು ಲೆಕ್ಕ ಹಾಕಬಹುದು, ಆ ಸಂಖ್ಯೆಯೇ ಕೊನೆಯ ಬೀಗದ ಕೀಲಿ. ಮಂಗಳದ ಕಕ್ಷೆ ಹೆಚ್ಚು ಅಂಡಾಕಾರವಾಗಿರುವುದರಿಂದ ಅಲ್ಲಿ ನೆರಳಿನ ಸಮಯಕ್ಕೂ ಗಡಿಯಾರದ ಸಮಯಕ್ಕೂ ಋತುವಿಗೆ ತಕ್ಕಂತೆ ಸುಮಾರು 50 ನಿಮಿಷದವರೆಗೂ ವ್ಯತ್ಯಾಸ ಬರುತ್ತದೆ. ಅದು ಲೆಕ್ಕವನ್ನು ಕೆಡಿಸದಿರಲೆಂದು, ಮತ್ತೆ ಅದೇ ಋತು ಬರುವಂತೆ, ಮಂಗಳದ ಸರಿಯಾಗಿ 12 ವರ್ಷಗಳ ಅಂತರವನ್ನೇ ಇಟ್ಟೆ.

ಮೊದಲ ಬಾರಿ ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ಬಿಡಿಸಿದ ಗೆಳೆಯ ನನ್ನ ಬಳಿ ಬಂದು ಉತ್ತರ ತಪ್ಪಾಗಿದೆ ಎಂದ. ನಾನು ಮುಳ್ಳನ್ನು 3 ಗಂಟೆ 36 ನಿಮಿಷ ಮುಂದೆ ಇಟ್ಟಿದ್ದೆ, 12 ಗುಣಿಸು 18. ಆದರೆ ಮುಳ್ಳು ತೋರಿಸುತ್ತಿದ್ದುದು ಮಂಗಳದ ದಿನವನ್ನು 24 ಭಾಗ ಮಾಡಿದ ಗಂಟೆಗಳನ್ನು, ಅವು ನಮ್ಮ ಗಂಟೆಗಳಿಗಿಂತ ತುಸು ಉದ್ದ. ಆ ಮುಖಫಲಕದ ಮೇಲೆ ಅದು ಹೆಚ್ಚುಕಡಿಮೆ ಮೂರೂವರೆ ಗಂಟೆಯಾಗಬೇಕಿತ್ತು. ಮುಳ್ಳನ್ನು ಹಿಂದಕ್ಕೆ ಸರಿಸಿ, ಆ ರಾತ್ರಿಯೇ ಆಟದ ಹೊಸ ಆವೃತ್ತಿಯನ್ನು ಅವನಿಗೆ ಕಳುಹಿಸಿದೆ.